ಪೋಲೆಂಡಿನ ‘ಸೊಕುವ್’ ವ್ಯಾಯಾಮ ಸಂಘದ ಕಟ್ಟಡಗಳು: ಲೇಖನ ತಿದ್ದಲು ನೆರವು ಬೇಕು

ಪುಟಕರ್ತ:

ಎಲ್ಲರಿಗೂ ನಮಸ್ಕಾರ. ಪೋಲಿಷ್ ವ್ಯಾಯಾಮ ಸಂಘ ‘ಸೊಕುವ್’ ಕಟ್ಟಿಸಿದ ಕಟ್ಟಡಗಳ ಬಗ್ಗೆ ಕನ್ನಡ ವಿಕಿಪೀಡಿಯಾಕ್ಕೆ ಒಂದು ಲೇಖನ ಸಿದ್ಧವಾಗುತ್ತಿದೆ. ಸಂಘದ ಚರಿತ್ರೆ ಸುಲಭವಾಗಿ ಸಿಗುತ್ತದೆ. ಕಟ್ಟಡದ ವಿಷಯಕ್ಕೆ ಬಂದರೆ ಮಾತ್ರ ‘ಕೆಂಪು ಇಟ್ಟಿಗೆ, ನವ-ಗೋಥಿಕ್ ಶೈಲಿ’ ಅನ್ನುವ ಒಂದೇ ಸಾಲು ಎಲ್ಲ ಕಡೆ ನಕಲಾಗಿದೆ.

ಕರಡಿನಲ್ಲಿ ಸದ್ಯಕ್ಕೆ ಇರುವ ಸಾಲುಗಳು ಇವು, ತಪ್ಪಿದ್ದರೆ ಹೇಳಿ:

‘ಸೊಕುವ್ ಗರಡಿ ಮನೆಗಳು ಪೋಲೆಂಡಿನಾದ್ಯಂತ ಕಟ್ಟಲ್ಪಟ್ಟವು. ಇವು ನವ-ಗೋಥಿಕ್ ಶೈಲಿಯವು. ಎರಡನೇ ಮಹಾಯುದ್ಧದ ನಂತರ ಇವನ್ನು ನಾಟಕಶಾಲೆ, ಸಿನಿಮಾ ಮಂದಿರಗಳಾಗಿ ಪರಿವರ್ತಿಸಲಾಯಿತು.’

ಇನ್ನು ಗೊಂದಲಗಳು. ಹಳೆಯ ಫೋಟೋಗಳಲ್ಲಿ ಹಾಲ್‌ನ ಕಿಟಕಿಗಳು ನೆಲದಿಂದ ತುಂಬ ಎತ್ತರದಲ್ಲಿ ಕಾಣುತ್ತವೆ, ಯಾಕೆ? ಈಗಿನ ಫೋಟೋದಲ್ಲಿ ಅದೇ ಕಿಟಕಿಗಳೇ ಇಲ್ಲ. ಚಾವಣಿಯ ತೊಲೆಗಳಲ್ಲಿ ದಪ್ಪ ಕೊಂಡಿಗಳಿವೆ, ದೀಪಕ್ಕೆ ಇರಬಹುದೇ? ಕ್ರಾಕುಫ್‌ನ ಕಟ್ಟಡದ ಇಟ್ಟಿಗೆ ಗೋಡೆಯ ಮೇಲೆ ಚಿತ್ರಗಳಿವೆ, ಅದು ಪೇಂಟಿಂಗೋ ಬೇರೆ ಏನಾದರೂನೋ? ಬರೀ ಫೋಟೋ ನೋಡಿ ಕಟ್ಟಡದ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು ಅಂತ ಗುರುತಿಸಲು ಸಾಧ್ಯವೇ?

ಮೂರುಗಡಿ:

ಕರಡಿನ ಮೂರು ವಾಕ್ಯದಲ್ಲಿ ಮೂರೂ ತಿದ್ದಬೇಕಾದವು. ಬೇಜಾರಾಗಬೇಡಿ, ಇಂಗ್ಲಿಷ್ ಪುಟಗಳಲ್ಲೂ ಇವೇ ತಪ್ಪುಗಳಿವೆ.

ಮೊದಲು ‘ಪೋಲೆಂಡಿನಾದ್ಯಂತ’. ಸೊಕುವ್ ಹುಟ್ಟಿದಾಗ ನಕ್ಷೆಯ ಮೇಲೆ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1772, 1793, 1795ರ ಮೂರು ಕಂತುಗಳಲ್ಲಿ ರಷ್ಯಾ, ಪ್ರಶ್ಯಾ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಸಂಘಕ್ಕೆ ಸ್ವಂತ ಕಟ್ಟಡ ಎದ್ದದ್ದೂ ಏಳದೆ ಹೋದದ್ದೂ ಊರು ಯಾವ ಸಾಮ್ರಾಜ್ಯದ ಪಾಲಿಗೆ ಬಿದ್ದಿತ್ತು ಎನ್ನುವುದರ ಮೇಲೆ ನಿಂತಿತ್ತು. ಲೇಖನವನ್ನು ಈ ಎಳೆಯಿಂದಲೇ ಶುರುಮಾಡಿ.

ಆಸ್ಟ್ರಿಯಾದ ಪಾಲು ಗಲೀಷಿಯಾ. ಅದರ ರಾಜಧಾನಿ ಲ್ವುಫ್, ಇಂದಿನ ಉಕ್ರೇನಿನ ಲ್ವಿವ್. ಅಲ್ಲಿ ಸಂಘದ ನಿಯಮಾವಳಿಗೆ ಮಂಜೂರಾತಿ ಸಿಕ್ಕಿದ್ದು 1867ರ ಫೆಬ್ರವರಿ 7ರಂದು. ಮುಂದಾಳುಗಳು ವಿದ್ಯಾರ್ಥಿಗಳು: ಕ್ಲೆಮೆನ್ಸ್ ಜುಕೊಟಿನ್‌ಸ್ಕಿ ಮತ್ತು ಲುದ್ವಿಕ್ ಗೊಲ್ಟೆಂಟಾಲ್. ಅದೇ ವರ್ಷ ನವೆಂಬರಿನಲ್ಲಿ ಆಸ್ಟ್ರಿಯಾದ ಸಂಘಗಳ ಕಾನೂನು ಬಂತು. ರಾಜಕೀಯ ಮಾಡದ ಸಂಘಕ್ಕೆ ನೋಂದಣಿ ಸಲೀಸು, ಆಸ್ತಿ ಹೊಂದಬಹುದು, ಸಾಲ ಎತ್ತಬಹುದು. ಸೊಕುವ್ ಕಾಗದದ ಮೇಲೆ ಬರೀ ಕಸರತ್ತಿನ ಸಂಘ. ಆ ಕಾಗದದ ಬಲದಲ್ಲೇ ಊರ ನಡುವೆ ಸ್ವಂತ ನಿವೇಶನ, ಸ್ವಂತ ಹಾಲ್. ಸಂಘದ ಕಟ್ಟಡಗಳಲ್ಲಿ ದೊಡ್ಡ ಪಾಲು ಗಲೀಷಿಯಾದಲ್ಲಿ ಇರುವುದು ಅದಕ್ಕೇ.

ಪ್ರಶ್ಯಾದ ಪಾಲಿನಲ್ಲಿ ಮೊದಲ ಶಾಖೆ 1884ರಲ್ಲಿ, ಇನೊವ್ರೊಟ್ಸ್ವಾಫ್‌ನಲ್ಲಿ. ಪೊಜ್ನಾನ್‌ನಲ್ಲಿ 1886. ಅಲ್ಲಿ ಸಂಘ ಕಾನೂನುಬದ್ಧವಾಗಿತ್ತು, ಆದರೆ ಪೊಲೀಸರ ಕಣ್ಣು ತಪ್ಪುತ್ತಿರಲಿಲ್ಲ. ಬಾಡಿಗೆಗೆ ಹಾಲ್ ಕೊಡುವವರ ಮೇಲೆ ಒತ್ತಡ ಬೀಳುತ್ತಿತ್ತು. 1908ರ ಸಂಘಗಳ ಕಾನೂನು ಸಾರ್ವಜನಿಕ ಸಭೆಗಳಲ್ಲಿ ಜರ್ಮನ್ ಭಾಷೆಯನ್ನೇ ಕಡ್ಡಾಯ ಮಾಡಿತು. ಪೋಲಿಷರು ಬಹುಸಂಖ್ಯಾತರಾಗಿದ್ದ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಹೋಟೆಲು, ಪಬ್ಬುಗಳ ಹಿಂದಿನ ಹಾಲ್‌ಗಳೇ ಅಲ್ಲಿ ಹೆಚ್ಚು ಕಾಲ ಗತಿ. ರಷ್ಯಾದ ಪಾಲಿನಲ್ಲಂತೂ 1905ರ ಕ್ರಾಂತಿಯವರೆಗೆ ಸಂಘವೇ ನಿಷಿದ್ಧ. ಆಮೇಲೆ ಅಲ್ಪಕಾಲ ಬಾಗಿಲು ತೆರೆದು ಮತ್ತೆ ಮುಚ್ಚಿತು. ವಾರ್ಸಾದಲ್ಲಿ 1880ರ ದಶಕದ ಸೊಕುವ್ ಕಟ್ಟಡ ಹುಡುಕಿ ಸುಸ್ತಾಗಬೇಡಿ.

ಮಾದರಿ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಪ್ಯಾರಾ ಕೊಡಿ. ಪ್ರಾಗ್‌ನಲ್ಲಿ 1862ರಲ್ಲಿ ಮಿರೊಸ್ಲಾವ್ ತಿರ್ಶ್ ಮತ್ತು ಯಿಂಡ್ರಿಖ್ ಫ್ಯೂಗ್ನರ್ ಚೆಕ್ ‘ಸೊಕೊಲ್’ ಕಟ್ಟಿದರು. ಮರುವರ್ಷವೇ ಫ್ಯೂಗ್ನರ್ ತನ್ನ ದುಡ್ಡಿನಲ್ಲಿ ಅಲ್ಲಿ ಹಾಲ್ ಎಬ್ಬಿಸಿದ. ವಾಸ್ತುಶಿಲ್ಪಿ ಇಗ್ನಾತ್ಸ್ ಉಲ್‌ಮನ್, ಶೈಲಿ ನವ-ರಿನೈಸಾನ್ಸ್. ಪೋಲಿಷರಿಗೆ ಅಂಥ ಒಬ್ಬ ಧಣಿ ಇರಲಿಲ್ಲ. ಚಂದಾ, ‘ತ್ಸೆಗ್ಯೆವ್ಕಾ’ ಎಂಬ ಚೀಟಿ (ಪದದ ಅರ್ಥ ‘ಪುಟ್ಟ ಇಟ್ಟಿಗೆ’, ಒಂದು ಚೀಟಿ ಕೊಂಡರೆ ಕಟ್ಟಡಕ್ಕೆ ಒಂದು ಇಟ್ಟಿಗೆ ಕೊಟ್ಟ ಲೆಕ್ಕ), ಉಳಿತಾಯ ಬ್ಯಾಂಕಿನ ಸಾಲ, ಪುರಸಭೆಯ ನೆರವು, ಇಷ್ಟರಲ್ಲೇ ಆಗಬೇಕಿತ್ತು.

ಸಾಲ ತೀರಬೇಕಾದರೆ ಕಟ್ಟಡ ದುಡಿಯಬೇಕು. 1869ರ ಆಸ್ಟ್ರಿಯನ್ ಶಾಲಾ ಕಾನೂನು ವ್ಯಾಯಾಮವನ್ನು ಪಾಠಪಟ್ಟಿಗೆ ಸೇರಿಸಿತ್ತು, ಬಹಳಷ್ಟು ಶಾಲೆಗಳಿಗೆ ಹಾಲ್ ಇರಲಿಲ್ಲ. ಹಗಲು ಶಾಲೆಯ ಮಕ್ಕಳಿಗೆ, ಸಂಜೆ ಸದಸ್ಯರಿಗೆ, ರಾತ್ರಿ ನಾಟಕ, ಸಂಗೀತ, ನೃತ್ಯಕೂಟಕ್ಕೆ. ಆದ್ದರಿಂದ ನಿಮ್ಮ ಮೂರನೇ ವಾಕ್ಯ ತಿರುವುಮುರುವಾಗಿದೆ. ಎಷ್ಟೋ ಹಾಲ್‌ಗಳಲ್ಲಿ ವೇದಿಕೆ ಮೊದಲ ನಕ್ಷೆಯಲ್ಲೇ ಇತ್ತು. ಯುದ್ಧದ ನಂತರ ಆದದ್ದು ಇಷ್ಟು: 1947ರಲ್ಲಿ ಸಂಘವನ್ನೇ ಮುಚ್ಚಿಸಿದರು, ಕಟ್ಟಡ ಸರ್ಕಾರದ ಪಾಲಾಯಿತು. ನಾಟಕ ಉಳಿಯಿತು, ಕಸರತ್ತು ಹೋಯಿತು. ಜೆಶುಫ್‌ನ ವಾಂದಾ ಸ್ಯೆಮಾಷ್ಕೊವಾ ರಂಗಮಂದಿರ, ಟಾರ್ನುಫ್‌ನ ಲುದ್ವಿಕ್ ಸೊಲ್ಸ್ಕಿ ರಂಗಮಂದಿರ ಎರಡೂ ಇರುವುದು ಹಳೆಯ ಸೊಕುವ್ ಕಟ್ಟಡಗಳಲ್ಲೇ. ನೋವಿ ಸೊಂಚ್‌ನದ್ದು ಇಂದು ಪ್ರಾಂತ್ಯದ ಸಾಂಸ್ಕೃತಿಕ ಕೇಂದ್ರ, ಹೆಸರು ಈಗಲೂ ‘ಸೊಕುವ್’. ಜಾಕೊಪಾನೆಯಲ್ಲಿ ಆ ಹೆಸರು ಸಿನಿಮಾ ಮಂದಿರಕ್ಕೆ ಅಂಟಿಕೊಂಡಿದೆ.

ಶೈಲಿಯ ಬಗ್ಗೆ ಒಂದೇ ಮಾತು. ‘ಸೊಕುವ್ ಶೈಲಿ’ ಅಂತ ಒಂದಿಲ್ಲ. ಗಿಲಾವು ಬಳಿದ ನವ-ರಿನೈಸಾನ್ಸ್ ಇದೆ, ಬರಿ ಇಟ್ಟಿಗೆಯದ್ದಿದೆ, 1900ರ ಆಚೀಚೆ ಬಳ್ಳಿಬಾಗಿನ ಆರ್ಟ್ ನುವೋ ಸೇರುತ್ತದೆ. ಎಲ್ಲ ಕಡೆ ಒಂದೇ ಆಗಿರುವುದು ಪ್ಲಾನ್. ಅದರ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ.

ತೊಲೆಜಂತೆ:

ಮೇಲಿನವರು ನನ್ನ ಕಡೆ ಚೆಂಡು ಎಸೆದಿದ್ದಾರೆ, ಆಗಲಿ.

ಕೊಂಡಿ ದೀಪಕ್ಕಲ್ಲ. ರಿಂಗ್, ಹಗ್ಗ, ತೂಗುಪಟ್ಟಿ ಕಟ್ಟುವುದಕ್ಕೆ. ದೀಪದ ಕೊಂಡಿ ಹಾಲ್‌ನ ನಡುಗೆರೆಯಲ್ಲಿ ಒಂದೊಂದೇ ಇರುತ್ತದೆ, ಸಣ್ಣದು. ಕಸರತ್ತಿನ ಕೊಂಡಿ ಜೋಡಿಯಾಗಿರುತ್ತದೆ: ಎರಡರ ನಡುವೆ ಸುಮಾರು ಅರ್ಧ ಮೀಟರ್ ಅಂತರ, ಅಂದರೆ ಭುಜದಗಲ. ತೊಲೆಯನ್ನು ಪೂರ್ತಿ ತೂರಿ ಮೇಲ್ಗಡೆ ನಟ್ಟು, ಅಗಲವಾದ ಕಬ್ಬಿಣದ ಬಿಲ್ಲೆ ಹಾಕಿರುತ್ತಾರೆ. ಮರಕ್ಕೆ ತಿರುಪಿನಂತೆ ಹಾಕಿದ ಕೊಂಡಿ ಕೆಳಕ್ಕೆ ಎಳೆತ ಬಿದ್ದಾಗ ನಿಧಾನಕ್ಕೆ ಕಿತ್ತುಬರುತ್ತದೆ.

ಎಳೆತ ಎಷ್ಟು ಅಂದರೆ: ರಿಂಗ್ ಹಿಡಿದು ಅಡ್ಡಮಟ್ಟದಿಂದ ಬೀಸಿ ಬಂದವನು ತಳಕ್ಕೆ ಬಂದಾಗ ಹಗ್ಗದ ಮೇಲಿನ ಭಾರ ಅವನ ತೂಕದ ಮೂರು ಪಟ್ಟು. ಲೋಲಕದ ಸರಳ ಲೆಕ್ಕ ಇದು. 70 ಕಿಲೋ ಆಳಿಗೆ 210 ಕಿಲೋ. ಅದೂ ನಿಂತ ಭಾರವಲ್ಲ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆಯುವ ಭಾರ. ಹೆಂಚಿನ ಭಾರ ಮತ್ತು ಹಿಮದ ಭಾರ ನೋಡಿ ಮಾಡಿದ ಟ್ರಸ್ (ಚಾವಣಿ ಹೊರುವ ಮರದ ಚೌಕಟ್ಟು) ಇಂಥ ಅಡ್ಡ ಎಳೆತಕ್ಕೆ ತಯಾರಿರುವುದಿಲ್ಲ. ಟ್ರಸ್‌ಗಳು ಒಂದಕ್ಕೊಂದು ಉದ್ದಕ್ಕೂ ಬಿಗಿದಿರದಿದ್ದರೆ ಗಂಟುಗಳು ಸಡಿಲವಾಗಿ, ಕೆಳಗಿನ ಹಲಗೆ ಚಾವಣಿಯಲ್ಲಿ ಕೊಂಡಿಯ ಸುತ್ತ ಬಿರುಕು ಕಾಣಿಸುತ್ತದೆ. ಹಳೇ ಫೋಟೋದಲ್ಲಿ ಕೊಂಡಿ ಹಾಯುವ ಟ್ರಸ್‌ಗೆ ಮಾತ್ರ ಪಕ್ಕದಲ್ಲಿ ಜೋಡಿ ತೊಲೆ ಇದ್ದರೆ ಅದು ರಿಂಗಿಗಾಗಿ ಕೊಟ್ಟ ಬಲ.

ಎತ್ತರದ ಲೆಕ್ಕವನ್ನೂ ಕಸರತ್ತೇ ಕೊಡುತ್ತದೆ. ಈಗಿನ ಅಂತರರಾಷ್ಟ್ರೀಯ ಅಳತೆ ಹಿಡಿದರೆ ಹಾರಿಜಾಂಟಲ್ ಬಾರ್ (ಅಡ್ಡ ಸರಳು) ನೆಲದಿಂದ 2.80 ಮೀಟರ್. ಅದರ ಮೇಲೆ ತಲೆಕೆಳಗಾಗಿ ನೆಟ್ಟಗೆ ನಿಂತವನ ಕಾಲ್ಬೆರಳು ಇನ್ನೂ 2.1 ಮೀಟರಿನಷ್ಟು ಮೇಲೆ. ಅಲ್ಲಿಗೇ 4.9 ಆಯಿತು. ಕೈಬಿಟ್ಟು ಹಾರುವುದಕ್ಕೆ ಜಾಗ ಬೇಡವೇ? ಆರು ಮೀಟರಿಗೆ ಕಡಿಮೆ ಹಾಲ್‌ನಲ್ಲಿ ಚೆನ್ನಾಗಿ ಆಡಲಾಗದು. ಅಷ್ಟೆತ್ತರದ ಹಾಲ್ ಪಕ್ಕದಲ್ಲಿ ಕಚೇರಿ, ವಾಚನಾಲಯ, ಬಟ್ಟೆ ಬದಲಿಸುವ ಕೋಣೆ ಇಟ್ಟರೆ ಅವುಗಳಿಗೆ ಎರಡು ಅಂತಸ್ತು ಸಿಗುತ್ತದೆ. ‘ಒಂದೇ ಆಗಿರುವ ಪ್ಲಾನ್’ ಎಂದರೆ ಇದೇ: ಬೀದಿಗೆ ಮುಖ ಮಾಡಿ ಎರಡಂತಸ್ತಿನ ತೆಳು ಭಾಗ, ಅದರ ಬೆನ್ನಿಗೆ ಒಂದೇ ಅಂತಸ್ತಿನ ದೊಡ್ಡ ಹಾಲ್, ಹಾಲ್‌ನ ದೂರದ ತುದಿಯಲ್ಲಿ ವೇದಿಕೆ, ಹತ್ತಿರದ ತುದಿಯಲ್ಲಿ ಮುಂಭಾಗದ ಮಹಡಿಯಿಂದ ತೆರೆಯುವ ಗ್ಯಾಲರಿ. ಅಗಲ ಸಾಮಾನ್ಯವಾಗಿ 10–12 ಮೀಟರ್; ನಡುವೆ ಕಂಬ ಇಲ್ಲದೆ ಮರದ ಟ್ರಸ್ ಅಷ್ಟು ದೂರ ಸಲೀಸಾಗಿ ಹಾಯುತ್ತದೆ, ಊರಿನ ಬಡಗಿಯೇ ಮಾಡಬಲ್ಲ.

ಕಿಟಕಿ. ತಳ ಎತ್ತರದಲ್ಲಿರುವುದು ಗೋಡೆಯನ್ನು ಬಳಸಿಕೊಳ್ಳಲು. ಏಣಿಪಟ್ಟಿ ಗೋಡೆಗೆ ಒರಗಬೇಕು, ಪ್ಯಾರಲಲ್ ಬಾರ್, ಹಾರ್ಸ್ ಮೊದಲಾದ ಕಸರತ್ತಿನ ಸಲಕರಣೆ ತಳ್ಳಿ ನಿಲ್ಲಿಸಬೇಕು, ಚೆಂಡು ತಗಲಿ ಗಾಜು ಒಡೆಯಬಾರದು, ಬಾರ್ ಮೇಲಿದ್ದವನ ಕಣ್ಣಿಗೆ ನೇರ ಬಿಸಿಲು ಹೊಡೆಯಬಾರದು. ಬೀದಿಯವರು ಇಣುಕುವುದೂ ತಪ್ಪುತ್ತದೆ. ನಾಟಕಕ್ಕೆ, ಸಿನಿಮಾಕ್ಕೆ ಬೇಕಾದದ್ದು ಕತ್ತಲೆ. ಆದ್ದರಿಂದ ಸಿನಿಮಾ ಬಂದ ಕೂಡಲೇ ಆ ಕಿಟಕಿಗಳಿಗೆ ಇಟ್ಟಿಗೆ ತುಂಬಿದರು. ಹೊರಗಿನಿಂದ ನೋಡಿದರೆ ಕಮಾನಿನ ಅಂಚು ಹಾಗೇ ಇದ್ದು ಒಳಗೆ ಕುರುಡು ಗೋಡೆ ಕಾಣುತ್ತದೆ. ನಿಮ್ಮ ‘ಕಾಣೆಯಾದ ಕಿಟಕಿ’ ಇದೇ.

ನೆಲದ ವಿಷಯ ಲೇಖನದಲ್ಲಿ ಬರಲೇಬೇಕು, ಯಾರೂ ಬರೆಯುವುದಿಲ್ಲ. ‘ಗರಡಿ ಮನೆ’ ಅನ್ನುವುದು ತಪ್ಪಾಗುವುದೂ ಅಲ್ಲೇ. ಗರಡಿಯ ಜೀವ ಅಗೆದು ಹದಮಾಡಿದ ಕೆಮ್ಮಣ್ಣು. ಇಲ್ಲಿಯದು ಜಂತೆಯ ಮೇಲೆ ಹಾಸಿದ ಹಲಗೆ. ಜಂತೆ ಸ್ವಲ್ಪ ಬಳುಕಿ ಹಾರಿ ಇಳಿದವನ ಮೊಣಕಾಲು ಕಾಪಾಡುತ್ತದೆ. ಬಾರ್‌ನ ಕಂಬ ಹಾಗೂ ಅದನ್ನು ಬಿಗಿಯುವ ತಂತಿಗಳಿಗೆ ನೆಲದಲ್ಲೇ ಮುಚ್ಚಳವಿರುವ ಕಬ್ಬಿಣದ ಗುಳಿಗಳು. ಅವು ಬರೀ ಹಲಗೆಗೆ ಕೂತಿದ್ದರೆ ಕೆಲವೇ ದಿನದಲ್ಲಿ ಹಲಗೆ ಎದ್ದುಬರುತ್ತದೆ. ಜಂತೆಗೋ ಕೆಳಗಿನ ಕಲ್ಲಿಗೋ ಬೋಲ್ಟ್ ಆಗಿರಬೇಕು. ಈಗಿನ ರಂಗಮಂದಿರದಲ್ಲಿ ಇಳಿಜಾರು ನೆಲ, ಸಾಲು ಕುರ್ಚಿ ಕಂಡರೆ ಅದು ಮೇಲೆ ಹೊದಿಸಿದ್ದು. ಮೂಲ ಹಾಲ್ ಸಮತಟ್ಟು, ಕುರ್ಚಿಗಳು ಬಿಡಿ, ಹೊತ್ತು ಸಾಗಿಸುವಂಥವು.

ಇನ್ನೊಂದು ಗುರುತು ಬಾಗಿಲು. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರ್ ಉರಿದು ನೂರಾರು ಜನ ಸತ್ತರು. ಹೊರಬಾಗಿಲುಗಳು ಒಳಕ್ಕೆ ತೆರೆಯುತ್ತಿದ್ದವು, ನೂಕುನುಗ್ಗಲಿನಲ್ಲಿ ತೆಗೆಯಲಾಗಲಿಲ್ಲ. ಮರುವರ್ಷ ಬಂದ ನಿಯಮಗಳ ನಂತರ ಆಸ್ಟ್ರಿಯಾದಲ್ಲಿ ಜನ ಸೇರುವ ಹಾಲ್‌ಗೆ ಹೊರಕ್ಕೆ ತೆರೆಯುವ ಬಾಗಿಲು ಮಾಮೂಲಾಯಿತು. ಗಲೀಷಿಯಾದ ಸೊಕುವ್ ಹಾಲ್‌ಗಳಲ್ಲಿ ಹೆಚ್ಚಿನವು ಅದರ ನಂತರದವು. ಜಿಮ್ ಆಗಿದ್ದೂ ಪಕ್ಕದ ಗೋಡೆಯಲ್ಲಿ ಅಂಗಳಕ್ಕೆ ನೇರ ತೆರೆಯುವ ಜೋಡಿಬಾಗಿಲು ಇದ್ದರೆ, ಅದು ಮೊದಲಿನಿಂದಲೇ ಪ್ರೇಕ್ಷಕರನ್ನು ಲೆಕ್ಕ ಹಾಕಿ ಕಟ್ಟಿದ್ದು ಅಂದುಕೊಳ್ಳಲು ಒಳ್ಳೆಯ ಕಾರಣ.

ಪುಟಕರ್ತ:

ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಇಬ್ಬರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಹಾಲ್ ಇಷ್ಟೇ ದೊಡ್ಡದಾದರೆ ಸಾವಿರಾರು ಜನರ ಸಾಮೂಹಿಕ ಕವಾಯತಿನ ಫೋಟೋಗಳು ಎಲ್ಲಿಯವು? ಮತ್ತೆ ಕ್ರಾಕುಫ್‌ನ ಗೋಡೆಚಿತ್ರದ ಬಗ್ಗೆ ಯಾರೂ ಹೇಳಲಿಲ್ಲ.

ಮೂರುಗಡಿ:

ಸಾಮೂಹಿಕ ಕವಾಯತು ಯಾವಾಗಲೂ ಬಯಲಲ್ಲಿ. ಅದಕ್ಕೆ ‘ಜ್ಲೊತ್’ ಅನ್ನುತ್ತಾರೆ; ಹಕ್ಕಿಗಳು ಹಾರಿಬಂದು ಒಂದೆಡೆ ಇಳಿಯುವುದು. ಸಂಘದ ಹೆಸರೇ ಹಕ್ಕಿಯದು, ಶಾಖೆಗೆ ‘ಗ್ನ್ಯಾಜ್ಡೊ’ ಅಂದರೆ ಗೂಡು, ಹಾಗಾಗಿ ಕೂಟಕ್ಕೂ ಅದೇ ರೂಪಕ. ಅತ್ಯಂತ ಹೆಸರಾದದ್ದು 1910ರ ಜುಲೈನಲ್ಲಿ ಕ್ರಾಕುಫ್‌ನಲ್ಲಿ, ಗ್ರುನ್‌ವಾಲ್ಡ್ ಯುದ್ಧದ (ಪೋಲಿಷರು ಜರ್ಮನ್ ನೈಟ್‌ಗಳನ್ನು ಸೋಲಿಸಿದ ಕಾಳಗ) 500ನೇ ವರ್ಷಕ್ಕೆ. ಪಿಯಾನೋ ವಾದಕ ಪಾದೆರೆವ್‌ಸ್ಕಿ ದುಡ್ಡು ಕೊಟ್ಟ ಸ್ಮಾರಕ ಆಗಲೇ ಅನಾವರಣಗೊಂಡಿತು.

ಲ್ವುಫ್‌ನ 1894ರ ಜ್ಲೊತ್‌ನ ಒಂದು ಸಂಗತಿ ಫುಟ್‌ಬಾಲ್ ಪುಟಕ್ಕೂ ಬೇಕಾದೀತು. ಜುಲೈ 14ರಂದು ಲ್ವುಫ್ ಮತ್ತು ಕ್ರಾಕುಫ್ ಸೊಕುವ್ ತಂಡಗಳ ನಡುವೆ ಆಟ ಆರನೇ ನಿಮಿಷಕ್ಕೆ ಮುಗಿಯಿತು. ಲ್ವುಫ್‌ನ ವ್ವೊಜಿಮ್ಯೆಷ್ ಖೊಮಿತ್ಸ್ಕಿ ಗೋಲು ಹೊಡೆದ, ‘ಸಾಕು, ಕಸರತ್ತಿನವರು ಕಾಯುತ್ತಿದ್ದಾರೆ’ ಅಂತ ಮೈದಾನ ಖಾಲಿ ಮಾಡಿಸಿದರು. ಪೋಲಿಷ್ ಫುಟ್‌ಬಾಲ್‌ನ ದಾಖಲಾದ ಮೊದಲ ಪಂದ್ಯ ಅದು. ಸಂಘಕ್ಕೆ ಯಾವುದು ಮುಖ್ಯವಾಗಿತ್ತು ಎನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಗಾರೆಕೆಲಸ:

ಗೋಡೆಚಿತ್ರಕ್ಕೆ ಬರೋಣ. ಕ್ರಾಕುಫ್‌ನ ಕಟ್ಟಡ ಇಂದಿನ ಪಿವ್‌ಸುದ್‌ಸ್ಕಿ ಬೀದಿಯ 27ನೇ ನಂಬರು. ಕಟ್ಟಿದಾಗ ಬೀದಿಯ ಹೆಸರು ವೋಲ್‌ಸ್ಕಾ, ಹಳೇ ದಾಖಲೆಯಲ್ಲಿ ಆ ಹೆಸರಲ್ಲೇ ಹುಡುಕಿ. ಕ್ರಾಕುಫ್ ಶಾಖೆ 1885ರದ್ದು. ಕಟ್ಟಡ 1889, ವಾಸ್ತುಶಿಲ್ಪಿ ಕಾರೊಲ್ ಕ್ನಾವುಸ್. 1894ರಲ್ಲಿ ವಿಸ್ತರಿಸಿದವರು ತೆಯೊದೊರ್ ಟಾಲೊವ್ಸ್ಕಿ. ಒಬ್ಬರದೇ ಹೆಸರು ಹಾಕಿದ ಪುಟಗಳನ್ನು ನಂಬಬೇಡಿ. ಟಾಲೊವ್ಸ್ಕಿ ಇಟ್ಟಿಗೆಯ ಜೊತೆ ಆಟ ಆಡಿದ ಮನುಷ್ಯ. ಅದೇ ಬೀದಿಯಲ್ಲಿ ಸ್ವಲ್ಪ ದೂರದ ಮೂಲೆಯ ‘ಹಾಡುವ ಕಪ್ಪೆ’ ಮನೆ ಅವರದೇ. ಎರಡನ್ನೂ ಒಟ್ಟಿಗೆ ನೋಡಿ.

ಚಿತ್ರಗಳು ಪೇಂಟಿಂಗ್ ಅಲ್ಲ. ಅಂತೊನಿ ತುಖ್ ಮಾಡಿದ ಸ್ಗ್ರಾಫಿತ್ತೊ. ಅಂದರೆ ಗಾರೆಯನ್ನು ಕೆರೆದು ತೆಗೆದ ಚಿತ್ರ. ಕೆಲಸದ ಕ್ರಮ ಹೀಗೆ: ಗೋಡೆ ಚೆನ್ನಾಗಿ ನೆನೆಸಿ ಒರಟು ಗಾರೆ; ಅದರ ಮೇಲೆ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಇದ್ದಿಲ ಪುಡಿಯೋ ಇಟ್ಟಿಗೆ ಪುಡಿಯೋ ಬೆರೆಸಿದ ಕಪ್ಪು ಅಥವಾ ಕೆಂಪು ಪದರ, ಸುಮಾರು ಒಂದು ಸೆಂಟಿಮೀಟರ್. ಅದು ಬೆರಳಿಗೆ ಅಂಟದಷ್ಟು ಬಿಗಿದಾಗ, ಒಣಗುವ ಮುಂಚೆ, ಮೇಲೆ ಎರಡು ಮೂರು ಮಿಲಿಮೀಟರ್ ಬಿಳಿ ಸುಣ್ಣದ ಪದರ. ಚಿತ್ರ ಬರೆದ ಕಾಗದಕ್ಕೆ ಸೂಜಿಯಿಂದ ತೂತು ಚುಚ್ಚಿ, ಗೋಡೆಗೆ ಹಿಡಿದು, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟಿದರೆ ಗೆರೆ ಇಳಿಯುತ್ತದೆ (ರಂಗೋಲಿಯ ತೂತು ತಗಡಿನ ಉಪಾಯವೇ). ಆಮೇಲೆ ಗೆರೆಯ ಒಳಗಿನ ಬಿಳಿಯನ್ನು ಚಾಕುವಿನಿಂದ ಕೆರೆದರೆ ಕೆಳಗಿನ ಬಣ್ಣ ತೆರೆದುಕೊಳ್ಳುತ್ತದೆ. ಅಂದು ಹಚ್ಚಿದ್ದನ್ನು ಅಂದೇ ಕೆರೆದು ಮುಗಿಸಬೇಕು. ತಡವಾದರೆ ಬಿಳಿ ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ, ಅವಸರ ಮಾಡಿದರೆ ಅಂಚು ಕುಸಿಯುತ್ತದೆ. ದಿನದ ಕೆಲಸ ಎಲ್ಲಿ ನಿಂತಿತು ಎಂಬ ಸಣ್ಣ ಬೆಸುಗೆಗೆರೆ ಓರೆ ಬಿಸಿಲಿನಲ್ಲಿ ಕಾಣುತ್ತದೆ. ಫೋಟೋ ತೆಗೆಸುವುದಾದರೆ ಬಿಸಿಲು ಗೋಡೆಗೆ ಒರೆಸಿಕೊಂಡು ಬೀಳುವ ಹೊತ್ತಿನಲ್ಲಿ ತೆಗೆಸಿ.

ಇಂಥ ಗೋಡೆಯ ಶತ್ರು ಕಲ್ಲಿದ್ದಲ ಹೊಗೆ. ಹೊಗೆಯ ಗಂಧಕ ಸುಣ್ಣದ ಜೊತೆ ಸೇರಿ ಜಿಪ್ಸಂ ಆಗುತ್ತದೆ, ಮಸಿ ಹಿಡಿದುಕೊಂಡು ಕಪ್ಪು ಹಕ್ಕಳೆ ಕಟ್ಟುತ್ತದೆ. ಮಳೆ ತಾಗದ ಸೂರಿನ ಕೆಳಗೇ ಹೆಚ್ಚು. ಇದನ್ನು ನೀರಿನ ಜೆಟ್ಟಿನಿಂದ ಹೊಡೆದರೆ ಹಕ್ಕಳೆಯ ಜೊತೆ ಎರಡು ಮಿಲಿಮೀಟರ್ ಬಿಳಿಯೂ ಹೋಯಿತು, ಚಿತ್ರವೇ ಇಲ್ಲ. ಸರಿಯಾದ ದಾರಿ: ಅಮೋನಿಯಂ ಕಾರ್ಬೊನೇಟ್ ದ್ರಾವಣವನ್ನು ಕಾಗದದ ಹಿಂಡಿಯಲ್ಲಿ ನೆನೆಸಿ ಪಟ್ಟು ಹಾಕುವುದು. ಜಿಪ್ಸಂ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ; ಉಳಿಯುವ ಅಮೋನಿಯಂ ಸಲ್ಫೇಟ್ ಕರಗುವ ಉಪ್ಪು, ಅದನ್ನು ಶುದ್ಧ ನೀರಿನ ಪಟ್ಟಿನಿಂದ ಹೀರಿ ತೆಗೆಯಲೇಬೇಕು. ಬಿಟ್ಟರೆ ಅದೇ ಉಪ್ಪು ಗಾರೆ ಒಡೆಯುತ್ತದೆ. ತೇಪೆಗೆ ಸಿಮೆಂಟ್ ಬೇಡವೇ ಬೇಡ. ನೀರು ಸಿಮೆಂಟಿನಲ್ಲಿ ಹಾಯದೆ ಪಕ್ಕದ ಹಳೇ ಗಾರೆಯಿಂದ ಹೊರಬಂದು ಅದನ್ನೇ ಪುಡಿಮಾಡುತ್ತದೆ.

ಫೋಟೋ ನೋಡಿ ಕಾಲ ಗುರುತಿಸುವುದು ಹೇಗೆ ಅಂದಿರಿ. ಇಟ್ಟಿಗೆ ಅಳೆಯಿರಿ. ಹಳೇ ಆಸ್ಟ್ರಿಯನ್ ಇಟ್ಟಿಗೆ 29×14×6.5 ಸೆಂಟಿಮೀಟರ್. ಜರ್ಮನ್ ಸಾಮ್ರಾಜ್ಯದ್ದು 25×12×6.5. ಎರಡು ಯುದ್ಧಗಳ ನಡುವಿನ ಪೋಲೆಂಡಿನದ್ದು 27×13×6. ಎರಡನೇ ಯುದ್ಧದ ನಂತರ ಮತ್ತೆ 25×12×6.5. ಕ್ರಾಕುಫ್, ಟಾರ್ನುಫ್‌ನಲ್ಲಿ ಗಿಲಾವಿಲ್ಲದ ಕಡೆ ಒಂದೂವರೆ ಇಟ್ಟಿಗೆ ಗೋಡೆ, ಸಂದು ಸೇರಿ, 44 ಸೆಂಟಿಮೀಟರ್ ಬರುತ್ತದೆ. ಪೊಜ್ನಾನ್ ಕಡೆ ಅದೇ 38. ಗಲೀಷಿಯಾದ ಕಟ್ಟಡದಲ್ಲಿ ಮುಚ್ಚಿದ ಕಿಟಕಿಯೊಳಗೆ 25ರ ಇಟ್ಟಿಗೆ ಕಂಡರೆ ಅದು 1945ರ ನಂತರ ತುಂಬಿದ್ದು ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. 27ರದ್ದಾದರೆ 1920–30ರ ದಶಕ, ಅಂದರೆ ಸಂಘವೇ ಸಿನಿಮಾಕ್ಕಾಗಿ ಮುಚ್ಚಿಸಿರುವ ಸಾಧ್ಯತೆ. ಹಳೇ ಪ್ರಶ್ಯಾ ಭಾಗದಲ್ಲಿ ಈ ಉಪಾಯ ಕೈಕೊಡುತ್ತದೆ: 1900ರ ಇಟ್ಟಿಗೆಯೂ 1960ರ ಇಟ್ಟಿಗೆಯೂ ಒಂದೇ ಅಳತೆ. ಫೋಟೋದಲ್ಲಿ ಅಳತೆಪಟ್ಟಿ ಇಲ್ಲದಿದ್ದರೆ ಉದ್ದವನ್ನು ದಪ್ಪದಿಂದ ಭಾಗಿಸಿ. 29ರದ್ದು, 27ರದ್ದು ಎರಡೂ 4.5ರ ಹತ್ತಿರ ಬರುತ್ತವೆ, 25ರದ್ದು 3.8. ಮೊದಲೆರಡನ್ನು ಬೇರೆ ಮಾಡಲು ಸ್ಥಳಕ್ಕೆ ಹೋದವರೇ ಅಳೆಯಬೇಕು.

@ತೊಲೆಜಂತೆ ಹೇಳಿದ ಹಲಗೆ ನೆಲಕ್ಕೆ ಒಂದು ಸೇರ್ಪಡೆ. ಮೂಲ ಹಾಲ್‌ಗಳು ಉಸಿರಾಡುತ್ತಿದ್ದದ್ದು ಪಾಯದ ಗೋಡೆಯಲ್ಲಿ ಬಿಟ್ಟ ಗಾಳಿಕಿಂಡಿಗಳಿಂದ. ಚಳಿ ಅಂತ ಆ ಕಿಂಡಿ ಮುಚ್ಚಿ, ಮೇಲೆ ಪಿವಿಸಿ ಹಾಸಿದರೆ ಕೆಳಗಿನ ತೇವ ಹೋಗಲು ದಾರಿಯಿಲ್ಲ. ಮರದ ತೇವ ಶೇಕಡಾ 20 ದಾಟಿದರೆ ಒಣಕೊಳೆ ಶಿಲೀಂಧ್ರ ಹಿಡಿಯುತ್ತದೆ: ಮರ ಕಂದು ಬಣ್ಣಕ್ಕೆ ತಿರುಗಿ ಸಣ್ಣ ಚೌಕಗಳಾಗಿ ಬಿರಿಯುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿ. ಇದು ಮರದಲ್ಲೇ ನಿಲ್ಲದೆ ಇಟ್ಟಿಗೆ ಸಂದಿನೊಳಗೂ ಎಳೆ ಹಾಯಿಸುತ್ತದೆ. ಕೊಳೆತಷ್ಟನ್ನೇ ಕತ್ತರಿಸಿದರೆ ಮತ್ತೆ ಬರುತ್ತದೆ. ಕಣ್ಣಿಗೆ ಕಾಣುವ ಗಡಿಯಿಂದ ಸುಮಾರು ಒಂದು ಮೀಟರ್ ಒಳ್ಳೆ ಮರವನ್ನೂ ತೆಗೆಯಬೇಕು, ಕಿಂಡಿ ಮೊದಲು ತೆರೆಯಬೇಕು. ಮೂಲ ನೆಲ ಉಳಿದಿರುವ ಹಾಲ್ ಅಪರೂಪವಾದದ್ದು ಹೀಗೆ.

ಹಕ್ಕಿನೋಟ:

ತಡವಾಗಿ ಬಂದೆ. ಎರಡು ಎಚ್ಚರಿಕೆ, ಒಂದು ಹೆಸರಿನ ವಿಷಯ.

ಉಕ್ರೇನಿನ ಕಟ್ಟಡಗಳ ಪಟ್ಟಿ ಮಾಡುವಾಗ ‘ಸೊಕುವ್’ ಮತ್ತು ‘ಸೊಕಿಲ್’ ಕಲಸಬೇಡಿ. ಸೊಕಿಲ್ ಉಕ್ರೇನಿಯನ್ನರ ಬೇರೆಯೇ ಸಂಘ, 1894ರಲ್ಲಿ ಲ್ವಿವ್‌ನಲ್ಲೇ ಶುರುವಾಯಿತು. ಮೊದಲ ಅಧ್ಯಕ್ಷ ವಸಿಲ್ ನಾಹಿರ್ನಿ, ವೃತ್ತಿಯಲ್ಲಿ ವಾಸ್ತುಶಿಲ್ಪಿ. ಒಂದೇ ಊರಿನಲ್ಲಿ ಪೈಪೋಟಿಯ ಎರಡು ಸಂಘ, ಎರಡರ ಹೆಸರೂ ಒಂದೇ ಹಕ್ಕಿ. ಪೋಲಿಷರ ಮುಖ್ಯ ಕಟ್ಟಡ ಜಿಮೊರೊವಿಚ್ ಬೀದಿಯದು (ಈಗ ದುದಾಯೆವ್ ಬೀದಿ). ಅದನ್ನು ‘ಸೊಕುವ್-ಮಾಚೆಷ್’ ಅನ್ನುತ್ತಾರೆ, ತಾಯಿಗೂಡು ಅಂದಂತೆ.

ಮುಖಭಾಗದ ಹಕ್ಕಿಯನ್ನು ನೋಡಿಯೂ ಮೋಸಹೋಗಬಹುದು. ಪೋಲೆಂಡಿನ ರಾಷ್ಟ್ರಲಾಂಛನದ ಬಿಳಿ ಹದ್ದಿಗೆ ಕಿರೀಟವಿದೆ, ಎದೆ ನಮ್ಮ ಕಡೆಗೆ, ರೆಕ್ಕೆ ಎರಡೂ ಪಕ್ಕಕ್ಕೆ. ಸಂಘದ ಹಕ್ಕಿ ಹಾರುತ್ತಿರುತ್ತದೆ, ಉಗುರಿನಲ್ಲಿ ಡಂಬೆಲ್ ಹಿಡಿದಿರುತ್ತದೆ. ಡಂಬೆಲ್ ಇದ್ದರೆ ಸೊಕುವ್, ಸಂಶಯವಿಲ್ಲ. ಇಲ್ಲದಿದ್ದರೆ ಇನ್ನೊಮ್ಮೆ ಪರಿಶೀಲಿಸಿ, ಮುರಿದು ಬಿದ್ದಿರಲೂಬಹುದು.

ಹೆಸರು. ‘ಗಿಡುಗ’, ‘ಹದ್ದು’ ಎರಡೂ ಬೇಡ. ಹೇಳಿದಂತೆ ಕೇಳಿ ಹಾರುವ ಬೇಟೆಹಕ್ಕಿಗೆ ಕನ್ನಡದಲ್ಲಿ ‘ಸಾಳುವ’ ಇದೆಯಲ್ಲ, ವಿಜಯನಗರದ ಸಾಳುವ ವಂಶದ ಹೆಸರಿನಲ್ಲಿರುವುದೂ ಅದೇ. ‘ಸೊಕುವ್ (ಅರ್ಥ: ಸಾಳುವ)’ ಅಂತ ಮೊದಲ ಸಾಲಲ್ಲಿ ಕೊಟ್ಟರೆ ಸಾಕು.

ಪುಟಕರ್ತ:

‘ಸಾಳುವ’ ಅದ್ಭುತ. ಕಟ್ಟಡಕ್ಕೆ ಮಾತ್ರ ಪದ ಸಿಗುತ್ತಿಲ್ಲ. ಗರಡಿ ಬೇಡ ಅಂದಿರಿ. ‘ವ್ಯಾಯಾಮ ಶಾಲೆ’ ಅಂದರೆ ನಾಟಕದ ಪಾಲು ಬಿಟ್ಟುಹೋಗುತ್ತದೆ. ಮತ್ತೆ ‘ಸೊಕೊಲ್’ ಬರೆಯಬೇಕೋ ‘ಸೊಕುವ್’ ಬರೆಯಬೇಕೋ?

ಹಕ್ಕಿನೋಟ:

ಪೋಲಿಷಿನಲ್ಲಿ ಓ ಮೇಲೆ ಗೀಟಿದ್ದರೆ ಉಚ್ಚಾರ ‘ಉ’, ಎಲ್ ಅಕ್ಷರಕ್ಕೆ ಅಡ್ಡಗೀಟಿದ್ದರೆ ‘ವ’. ಆದ್ದರಿಂದ ಪೋಲಿಷ್ ಸಂಘಕ್ಕೆ ‘ಸೊಕುವ್’, ಚೆಕ್ ಸಂಘಕ್ಕೆ ‘ಸೊಕೊಲ್’. ಹೀಗೆ ಬರೆದರೆ ಒಂದೇ ಪುಟದಲ್ಲಿ ಎರಡೂ ಬಂದಾಗ ಓದುಗರಿಗೆ ಗೊಂದಲವೂ ಇಲ್ಲ.

ಕಟ್ಟಡಕ್ಕೆ ಅವರದೇ ಪದ ‘ಸೊಕೊಲ್ನ್ಯಾ’. ಪದದ ಕೊನೆ ಬದಲಾದಾಗ ಗೀಟುಗಳು ಬಿದ್ದುಹೋಗಿ ‘ಒ’, ‘ಲ’ ವಾಪಸ್ ಬರುತ್ತವೆ, ಅದು ತಪ್ಪಲ್ಲ. ಬಹುವಚನ ‘ಸೊಕೊಲ್ನ್ಯೆ’. ಪುಟದ ಹೆಸರು ‘ಸೊಕೊಲ್ನ್ಯಾ’ ಇಡಿ, ‘ಸೊಕುವ್ ಭವನ’ ಅಂತ ಒಂದು ಮರುನಿರ್ದೇಶನ ಮಾಡಿ. ಹುಡುಕುವವರು ಭವನ ಅಂತಲೇ ಹುಡುಕುತ್ತಾರೆ. ಫೋಟೋದ ಕಾಪಿರೈಟ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ: ಪೋಲೆಂಡಿನಲ್ಲಿ ಬೀದಿಯಿಂದ ಕಾಣುವ ಕಟ್ಟಡದ ಚಿತ್ರ ತೆಗೆಯಲು ಕಾನೂನು ಬಿಡುತ್ತದೆ. ಲ್ವಿವ್‌ನ ಫೋಟೋಗೆ ಮಾತ್ರ ವಾಸ್ತುಶಿಲ್ಪಿ ತೀರಿಕೊಂಡ ವರ್ಷ ನೋಡಿ, 70 ವರ್ಷ ದಾಟಿದ್ದರೆ ನಿಶ್ಚಿಂತೆಯಿಂದ ಹಾಕಿ.

ತೊಲೆಜಂತೆ:

ಹಾಲ್‌ನ ಅಡ್ಡಸೀಳು ನಕ್ಷೆ ಒಂದನ್ನು ಪುಟಕ್ಕೆ ಬರೆದುಕೊಡುತ್ತೇನೆ. ಬಾರ್ 2.80, ಕಿಟಕಿ ತಳ, ಜೋಡಿ ಕೊಂಡಿ, ವೇದಿಕೆ, ಗಾಳಿಕಿಂಡಿ, ಇಷ್ಟಕ್ಕೆ ಕನ್ನಡದಲ್ಲಿ ಹೆಸರು ಗುರುತಿಸಿರುತ್ತೇನೆ. ನಿರ್ದಿಷ್ಟ ಊರಿನದ್ದಲ್ಲ, ‘ಮಾದರಿ ಚಿತ್ರ’ ಅಂತ ಅಡಿಬರಹ ಹಾಕಿ. ಇಲ್ಲದಿದ್ದರೆ ಮುಂದಿನ ವರ್ಷದ ಹೊತ್ತಿಗೆ ಅದೇ ಕ್ರಾಕುಫ್‌ನ ಅಧಿಕೃತ ನಕ್ಷೆ ಅಂತ ಎಲ್ಲ ಕಡೆ ಓಡಾಡುತ್ತಿರುತ್ತದೆ.